ಇವಳ ಬಾಯಿ, ಅವಳ ಮಾತು

ಹಾಸ್ಟೆಲಿನ ಮೆಟ್ಟಿಲ ಮೇಲೆ ಚೆಪೊಸೈತ್ ಆ ಪರದೇಶದ ಹುಡುಗಿಯ ಕೂದಲು ಹೆಣೆಯುತ್ತಿದ್ದಳು. ಮೆರಿಮಾ ಕೆಳಗಿನ ಮೆಟ್ಟಿಲಲ್ಲಿ, ಚೆಪೊಸೈತ್ ಮೇಲಿನದರಲ್ಲಿ, ಆ ಜೇನುಬಣ್ಣದ ತಲೆಯನ್ನು ಹಾಲು ಕುಡಿಯಲೊಲ್ಲದ ಆಡಿನಮರಿಯನ್ನು ಹಿಡಿದ ಹಾಗೆ ಎರಡು ಮೊಣಕಾಲುಗಳ ನಡುವೆ ಇರುಕಿಕೊಂಡಿದ್ದಳು. ಕೂದಲು ನುಣುಪಾಗಿದ್ದರಿಂದ ಹೆಣಿಗೆ ನಿಲ್ಲುತ್ತಿರಲಿಲ್ಲ. ಕೊನೆಗೆ ಬರುವಷ್ಟರಲ್ಲಿ ಮೊದಲಿನದು ಬಿಚ್ಚಿಕೊಳ್ಳುತ್ತಿತ್ತು. ಚೆಪೊಸೈತ್ ನಗುತ್ತಿದ್ದಳು, ಮತ್ತೆ ಶುರುಮಾಡುತ್ತಿದ್ದಳು. ಜೆಲಗಾತ್ ನೀರಿನ ಟ್ಯಾಂಕಿನ ಹತ್ತಿರ ಖಾಲಿ ಬಕೆಟ್ಟು ಹಿಡಿದು ನಿಂತು ನೋಡಿದಳು. ನೋಡಬಾರದು ಎಂದುಕೊಳ್ಳುತ್ತಲೇ ನೋಡಿದಳು. ನಲ್ಲಿ ತಿರುಗಿಸುವುದನ್ನೂ ಮರೆತಿದ್ದಳು. ಎರಡು ವರ್ಷದ ಹಿಂದೆ ನದಿಯ ಆಚೆ ದಂಡೆಯಲ್ಲಿ ಗುಂಡಿನ ಸದ್ದು ನಿಲ್ಲದೆ ಹಾಸ್ಟೆಲ್ ಮುಚ್ಚಿದಾಗ ಆ ದಂಡೆಯ ಪೊಕೊಟ್ ಜನರ ಮಕ್ಕಳಲ್ಲಿ ಮನೆಗೆ ಹೋಗಲಾಗದೆ ಉಳಿದವಳು ಚೆಪೊಸೈತ್ ಒಬ್ಬಳೇ. ಒಂದು ಇಡೀ ಮಳೆಗಾಲ ಜೆಲಗಾತಳ ಮನೆಯಲ್ಲಿ, ಜೆಲಗಾತಳ ಹೊದಿಕೆಯೊಳಗೆ ಮಲಗಿದ್ದಳು. ರಾತ್ರಿ ಬೆಚ್ಚಿದರೆ ಕೈ ಚಾಚಿ ಜೆಲಗಾತಳ ಸೊಂಟ ಸಿಕ್ಕಿದ ಮೇಲೇ ಮತ್ತೆ ನಿದ್ದೆ. ಆ ದಿನಗಳಲ್ಲಿ ಅವಳು ಒಂದು ಸಲವಾದರೂ ಹೀಗೆ ನಕ್ಕಿದ್ದಳೇ? ಊಟ ಮಾಡುತ್ತಿದ್ದಳು, ಪಾತ್ರೆ ತೊಳೆಯುತ್ತಿದ್ದಳು, ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದಳು. ನಗು ಬಂದಿದ್ದು ಈ ವರ್ಷ, ಮಾವಿನಹಣ್ಣಿನ ಕಾಲಕ್ಕೆ, ಬೆನ್ನಿಗೊಂದು ಚೀಲ ಕಟ್ಟಿಕೊಂಡು ಮೆರಿಮಾ ಬಸ್ಸಿನಿಂದ ಇಳಿದ ಮೇಲೆ.

"ಮ್ವಾಲಿಮು, ನೋಡಿ! ಇವಳ ಕೂದಲು ಹಸೂನ ಬಾಲ ಇದ್ದ ಹಾಗಿದೆ, ಗಂಟೇ ನಿಲ್ಲಲ್ಲ!" ಎಂದು ಚೆಪೊಸೈತ್ ಕೂಗಿದಳು.

ತಾನು ಮ್ವಾಲಿಮು, ಟೀಚರು. ಅವಳು ಮಾತ್ರ ಬರೀ ಮೆರಿಮಾ. ಮೊದಲ ದಿನವೇ ಅವಳು ಮಕ್ಕಳಿಗೆ ಹೆಸರು ಹಿಡಿದು ಕರೆಯಿರಿ ಎಂದಿದ್ದಳು, ಮಕ್ಕಳು ಬೆದರಿದ್ದವು, ಆಮೇಲೆ ಆ ಹೆಸರನ್ನು ಬಾಯಲ್ಲಿ ಬೆಲ್ಲದ ಹಾಗೆ ಇಟ್ಟುಕೊಂಡು ತಿರುಗಾಡಿದವು. "ಬಿಡು, ಅವಳನ್ನ ನೋಯಿಸ್ಬೇಡ," ಎಂದು ಜೆಲಗಾತ್ ಹೇಳಿದಳು. ಅದರಲ್ಲಿ ಹೇಳಬೇಕಾದ್ದೇನೂ ಇರಲಿಲ್ಲ. ಬಕೆಟ್ಟು ತುಂಬಿ ಹೊರಟಾಗ ನೀರು ತುಳುಕಿ ಅವಳ ಹಬ್ಬದ ಲಂಗದ ಅಂಚು ಒದ್ದೆಯಾಯಿತು. ಇವತ್ತು ಶಾಂತಿ ದಿನ ಎಂದು ಹೆಡ್ಮೇಷ್ಟ್ರು ಕಿಸಾಂಗ್ ಬ್ಯಾನರು ಬರೆಸಿದ್ದರು. ಹಿಂದಿನ ವಾರ ಯಾರೋ ಆಚೆ ದಂಡೆಯಿಂದ ಆಡುಗಳನ್ನು ಕದ್ದು ಹೊಡೆದುಕೊಂಡು ಬಂದಿದ್ದರು. ಈಚೆ ದಂಡೆಯ ಮರಕ್ವೆತ್ ಹುಡುಗರೇ ಅನ್ನುವುದು ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿ ಬಿಟ್ಟಿರಲಿಲ್ಲ. ಪೊಕೊಟ್ ತಂದೆತಾಯಿಗಳು ಇವತ್ತು ಬರುತ್ತಿರುವುದು ಹಾಡು ಕೇಳುವುದಕ್ಕಲ್ಲ. ಮಕ್ಕಳನ್ನು ಇಲ್ಲಿ ಬಿಡುವುದೋ, ಟ್ರಂಕು ಹೊರಿಸಿಕೊಂಡು ಕರೆದೊಯ್ಯುವುದೋ ಎಂದು ತೀರ್ಮಾನಿಸುವುದಕ್ಕೆ. ಅವರು ಕರೆದೊಯ್ದರೆ ಶಾಲೆಯಲ್ಲಿ ಈಚೆಯ ಮಕ್ಕಳು ಮಾತ್ರ ಉಳಿಯುತ್ತವೆ, ಎರಡು ದಂಡೆಗೂ ಸೇರಿದ ಇನ್ನೊಂದು ಜಾಗ ಇಡೀ ಕಣಿವೆಯಲ್ಲಿ ಇಲ್ಲ. ಇದೆಲ್ಲ ಗೊತ್ತಿದ್ದೂ ಜೆಲಗಾತಳ ಮನಸ್ಸು ಮಾತ್ರ ಮೆಟ್ಟಿಲ ಮೇಲಿನ ಆ ತಲೆಯನ್ನು ಬಿಟ್ಟು ಬರಲಿಲ್ಲ.

ಮೆರಿಮಾ ಕೆಟ್ಟವಳಾಗಿದ್ದರೆ ಎಷ್ಟು ಸುಲಭವಾಗುತ್ತಿತ್ತು. ಹಿಂದೆ ಬಂದಿದ್ದ ಕೆಲವು ಪರದೇಶದ ಸ್ವಯಂಸೇವಕರ ಹಾಗೆ ಒಂದು ವಾರ ಮಕ್ಕಳನ್ನು ಮುದ್ದಾಡಿ, ಹೊಟ್ಟೆ ಕೆಟ್ಟು, ಆಸ್ಪತ್ರೆ ಸೇರಿ, ವಾಪಸು ಹೋಗಿದ್ದರೆ ಅವಳ ಬಗ್ಗೆ ನಾಲ್ಕು ತಮಾಷೆ ಮಾತಾಡಿ ಮರೆಯಬಹುದಿತ್ತು. ಇವಳು ಉಗಾಲಿಯನ್ನು, ಜೋಳದ ಮುದ್ದೆಯನ್ನು, ಕೈಯಲ್ಲಿ ಮಿದ್ದು ತಿನ್ನುವುದನ್ನು ಕಲಿತಳು. ಇದ್ದಿಲ ಪುಡಿ ಹಾಕಿ ಸೋರೆಬುರುಡೆಯಲ್ಲಿ ಹುಳಿಸಿದ ಹಾಲನ್ನು ಮುಖ ಕಿವುಚದೆ ಕುಡಿದಳು. ಅವಳ ದೇಶ ಬೋಸ್ನಿಯಾವೂ ಬೆಟ್ಟದ ಸೀಮೆಯಂತೆ, ನದಿ ಇದೆಯಂತೆ, ನದಿಯ ಎರಡು ದಂಡೆಯವರು ಒಬ್ಬರನ್ನೊಬ್ಬರು ಕೊಂದದ್ದೂ ಇದೆಯಂತೆ. ಅವಳು ಎದೆಹಾಲು ಕುಡಿಯುತ್ತಿದ್ದಾಗ ಅವಳ ಅಪ್ಪನನ್ನು ಮನೆಯಿಂದ ಹೊರಕ್ಕೆ ಕರೆದು ಕೊಂದಿದ್ದರು. ಇದನ್ನೆಲ್ಲ ಅವಳು ಬಂದ ಎರಡನೇ ವಾರ ಅತ್ತಿಮರದ ಕೆಳಗೆ ಮಕ್ಕಳನ್ನು ದುಂಡಗೆ ಕೂರಿಸಿಕೊಂಡು ಹೇಳಿದ್ದಳು, ಬೆಳಗಿನ ತಿಂಡಿಯ ವಿಷಯ ಹೇಳುವಷ್ಟು ಸಲೀಸಾಗಿ. ಹೇಳಿ, "ಈಗ ನೀವು ಹೇಳಿ" ಎಂದಿದ್ದಳು. ಜೆಲಗಾತ್ ಆಗ ಎದ್ದು ನಿಂತಿದ್ದಳು. ಈ ಶಾಲೆಯಲ್ಲಿ ಸತ್ತವರ ಹೆಸರು ಎತ್ತಬಾರದು, ನಮ್ಮವರು ನಿಮ್ಮವರು ಅನ್ನಬಾರದು ಅನ್ನುವ ಕಟ್ಟಳೆ ಮಾಡಿದವಳೇ ಅವಳು, ಅದನ್ನು ಇಷ್ಟು ವರ್ಷ ಬೇಲಿಯ ಮುಳ್ಳಿನ ಹಾಗೆ ಕಾದವಳೂ ಅವಳೇ. ಆದರೆ ಕಿಸಾಂಗ್ ಮೇಷ್ಟ್ರು ಕಣ್ಣಲ್ಲೇ 'ಇರಲಿ ಬಿಡಿ' ಅಂದಿದ್ದರು. ಮಕ್ಕಳು ಬೆರಳಿನಿಂದ ಮಣ್ಣು ಗೀರಿದವು. ಆಮೇಲೆ ಒಬ್ಬ ಹುಡುಗ ತನ್ನ ಅಣ್ಣನ ಹೆಸರು ಹೇಳಿದ, ಇನ್ನೊಬ್ಬಳು ತನ್ನ ಚಿಕ್ಕಪ್ಪನ ಹೆಸರು. ಆಮೇಲೆ ಎಲ್ಲ ಅತ್ತವು, ಈಚೆಯವೂ ಆಚೆಯವೂ. ಮಾರನೆಯ ದಿನ ಚೆಂಡಾಟದಲ್ಲಿ ಯಾರೂ ಹೇಳದೆಯೇ ಎರಡು ದಂಡೆಯ ಮಕ್ಕಳು ಒಂದೇ ತಂಡದಲ್ಲಿ ಬೆರೆತಿದ್ದವು. ಅದು ಫಲಿಸಿತ್ತು. ಜೆಲಗಾತಳ ಎದೆಯಲ್ಲಿ ಚುಚ್ಚಿಕೊಂಡು ಉಳಿದದ್ದು ಅದೇ. ತನ್ನ ಇಷ್ಟು ವರ್ಷಗಳ ಮೌನ ಬರೀ ಮೌನವೇ ಆಗಿತ್ತೇ?

ಅದಕ್ಕಿಂತ ಒಳಗೆ, ಬೆಳಕು ಬೀಳದ ಕಡೆ, ಇನ್ನೊಂದಿತ್ತು. ಆ ಹುಡುಗಿಯ ದುಃಖದ ಮೇಲೂ ಅವಳಿಗೆ ಹೊಟ್ಟೆಕಿಚ್ಚಿತ್ತು. ಹೇಳಿಕೊಳ್ಳಬಹುದಾದ ದುಃಖ. ಹೇಳಿದರೆ ಜನ ಹತ್ತಿರ ಬಂದು ಕೈ ಹಿಡಿಯುವ ದುಃಖ. ಜೆಲಗಾತಳ ಗಂಡನನ್ನು ಕೊಂದದ್ದು ಕಾಲುವೆಯ ಬಾಯಲ್ಲಿ, ನಸುಕಿನಲ್ಲಿ. ತಮ್ಮ ಸರದಿಯ ನೀರು ಬಿಡಿಸಲು ಹಾರೆ ಹೆಗಲಿಗಿಟ್ಟು ಹೋದವನು. ಆಚೆ ದಂಡೆಯಿಂದ ಆಡು ಕದಿಯಲು ಬಂದ ಗುಂಪು ವಾಪಸು ಹೋಗುವಾಗ ದಾರಿಯಲ್ಲಿ ಎದುರು ಸಿಕ್ಕಿದ್ದ, ಅಷ್ಟೇ ಕಾರಣ. ಕಿಸಾಂಗ್ ಮೇಷ್ಟ್ರು ಬೇರೆ ಊರಿಗೆ ವರ್ಗ ಮಾಡಿಸಿಕೊಡುತ್ತೇನೆ ಅಂದಿದ್ದರು. ಬೇಡ ಅಂದಿದ್ದಳು. ಯಾಕೆ ಬೇಡ ಅಂದಳೆಂದು ಅವಳಿಗೇ ಗೊತ್ತಿಲ್ಲ. ಶಾಂತಿಗಾಗಿ ಎಂದು ಊರವರು ಅಂದುಕೊಂಡರು. ಪಾಠ ಹೇಳಿಕೊಂಡಿದ್ದ ಜಾಗ ಬಿಟ್ಟು ಇನ್ನೆಲ್ಲಿ ಹೋಗುವುದು ಅನ್ನುವ ಸೋಮಾರಿತನವೂ ಇದ್ದೀತು. ಗಂಡ ಸತ್ತ ಮೇಲೆ ಶಾಲೆಗೆ ಮರಳಿ ಬಂದ ಮೊದಲ ದಿನ ಮಧ್ಯಾಹ್ನ ಅಡಿಗೆಯವಳು ಜೋಳ ಹುರುಳಿಕಾಳು ಬೆರೆಸಿ ಬೇಯಿಸಿದ್ದನ್ನು ಬಡಿಸುವುದನ್ನು ನೋಡುತ್ತಾ ನಿಂತಿದ್ದಳು. ಈಚೆಯ ಮಕ್ಕಳಿಗೆ ಸೌಟು ತಳದಿಂದ ಬರುತ್ತಿತ್ತು, ಆಚೆಯ ಮಕ್ಕಳಿಗೆ ಮೇಲಿನ ತಿಳಿ. ಅಡಿಗೆಯವಳ ಅಣ್ಣನೂ ಸತ್ತಿದ್ದ. ಜೆಲಗಾತ್ ಹೋಗಿ ಸೌಟು ತೆಗೆದುಕೊಂಡಳು. ಅಂದಿನಿಂದ ದಿನವೂ ಅವಳೇ ಬಡಿಸುವುದು. ನದಿಯ ಆಚೆಯವರಿಗೆ ಅವಳ ಗಂಡನ ವಿಷಯ ಗೊತ್ತಿಲ್ಲ, ಅವಳು ಹೇಳಿಲ್ಲ. ಹೇಳಿದ್ದರೆ ಅವರ ಮಕ್ಕಳು ತಟ್ಟೆ ಹಿಡಿಯಲು ಹೆದರುತ್ತಿದ್ದವು.

ಜನ ಬರಲು ಶುರುವಾದಾಗ ಬಿಸಿಲು ಬಲಿತಿತ್ತು. ಈಚೆಯವರು ಮಾವಿನತೋಪಿನ ಕಡೆಯಿಂದ ಬಂದು ಅತ್ತಿಮರದ ಎಡಕ್ಕೆ ಕೂತರು. ಆಚೆಯವರು ನದಿ ದಾಟಿ, ಕಾಲು ಒದ್ದೆ ಮಾಡಿಕೊಂಡು ಬಂದು ಬಲಕ್ಕೆ ಕೂತರು. ಗಂಡಸರು ತಮ್ಮ ತಮ್ಮ ಪುಟ್ಟ ಮರದ ಮಣೆ ಹಾಕಿಕೊಂಡು, ಹೆಂಗಸರು ಕತ್ತಿನ ಮಣಿಸರಗಳ ಅಗಲವನ್ನು ಸರಿಪಡಿಸಿಕೊಂಡು. ನಡುವೆ ಒಂದು ಎತ್ತಿನಗಾಡಿ ಹೋಗುವಷ್ಟು ಜಾಗ ಬಿಟ್ಟಿದ್ದರು. ಮೆರಿಮಾ ಅರ್ಧ ಬಿಚ್ಚಿದ ಜಡೆಯಲ್ಲೇ ಆ ಹೆಂಗಸರ ಕಡೆ ಹೋಗಿ ಪೊಕೊಟ್ ಭಾಷೆಯಲ್ಲಿ ನಮಸ್ಕಾರ ಹೇಳಿದಳು. ಹಿಂದಿನ ದಿನ ಜೆಲಗಾತಳೇ ಕಲಿಸಿಕೊಟ್ಟದ್ದು. ದೊಡ್ಡವರಿಗೆ ಹೇಳುವುದೇ ಬೇರೆ, ಆಡು ಕಾಯುವ ಹುಡುಗರು ಒಬ್ಬರಿಗೊಬ್ಬರು ಹೇಳುವುದೇ ಬೇರೆ. ಜೆಲಗಾತ್ ಕಲಿಸಿದ್ದು ಎರಡನೆಯದನ್ನು. ಕಲಿಸುವಾಗ ಎದೆ ಹೊಡೆದುಕೊಂಡಿತ್ತು, ಮಡಕೆಯಿಂದ ಸಕ್ಕರೆ ಕದ್ದ ಹಾಗೆ. ಈಗ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಒಬ್ಬ ಮುದುಕಿ ಹಲ್ಲಿಲ್ಲದ ಬಾಯಿ ತೆರೆದು ಕೇಕೆ ಹಾಕಿ ನಕ್ಕಳು. "ಲೇ, ಇದು ನನ್ನ ಜೊತೆ ಆಡು ಕಾಯೋಕೆ ಬಂದಿದೆ ಕಣ್ರೇ!" ಅಂದಳು. ಎಲ್ಲರೂ ನಕ್ಕರು. ಮುದುಕಿ ಮೆರಿಮಾಳ ಕೈ ಎಳೆದು ಪಕ್ಕದಲ್ಲಿ ಕೂರಿಸಿಕೊಂಡಳು. ಕಲ್ಲು ಎಸೆದರೆ ಆ ಹುಡುಗಿಯ ಮೇಲೆ ಹೂವಾಗಿ ಬೀಳುತ್ತದೆ ಎಂದು ಜೆಲಗಾತ್ ಅಂದುಕೊಂಡಳು. ಅಂದುಕೊಂಡದ್ದಕ್ಕೆ ನಾಚಿಕೆಯಾಯಿತು. ನಾಚಿಕೆಯಾದದ್ದಕ್ಕೆ ಮೆರಿಮಾಳ ಮೇಲೇ ಸಿಟ್ಟು ಬಂತು.

"ಜೆಲಗಾತ್, ನೀವು ಮೆರಿಮಾ ಪಕ್ಕ ನಿಂತ್ಕೊಳ್ಳಿ," ಎಂದು ಕಿಸಾಂಗ್ ಮೇಷ್ಟ್ರು ಬೆವರು ಒರೆಸಿಕೊಳ್ಳುತ್ತಾ ಬಂದರು. "ಕುರ್ಚಿ ಒಂದು ಕಮ್ಮಿಯಾಯ್ತು. ಹೇಗೂ ಮಾತು ತಿರುಗಿಸಿ ಹೇಳೋರು ನಿಂತೇ ಹೇಳ್ಬೇಕಲ್ಲ?"

"ನಿಂತ್ಕೋತೀನಿ, ಸರ್."

ಪಟ್ಟಣದಿಂದ ಬಂದಿದ್ದ ವಿದ್ಯಾ ಇಲಾಖೆಯ ಅಧಿಕಾರಿ ಅವಳ ಕಡೆ ನೋಡಿ, "ಇವರು?" ಅಂದರು.

"ನಮ್ಮ ಮೇಡಂ. ಆಚೆ ದಂಡೆಯವರ ಭಾಷೆ ನೀರು ಕುಡಿದ ಹಾಗೆ ಬರುತ್ತೆ ಇವರಿಗೆ."

"ಓ, ದುಭಾಷಿ! ಒಳ್ಳೇದು, ಒಳ್ಳೇದು. ಇಂಥ ದಿನ ನಿಮ್ಮಂಥೋರು ಬೇಕು," ಎಂದು ಅಧಿಕಾರಿ ಮುಖ ಆಚೆ ತಿರುಗಿಸಿ ಮೆರಿಮಾಳ ಜೊತೆ ಅವಳ ದೇಶದ ಹಿಮದ ವಿಚಾರ ಮಾತಾಡತೊಡಗಿದರು. ಕಿಸಾಂಗ್ ಮೇಷ್ಟ್ರು ಒಳ್ಳೆಯವರೇ. ಜೆಲಗಾತಳ ಬಗ್ಗೆ ಇನ್ನೊಂದು ಮಾತು ಹೇಳಬೇಕೆಂದು ಅವರಿಗೆ ಹೊಳೆಯಲಿಲ್ಲ, ಮನೆಯ ಕಂಬದ ಬಗ್ಗೆ ನೆಂಟರಿಗೆ ಹೇಳಬೇಕೆಂದು ಹೊಳೆಯದ ಹಾಗೆ.

ಹಾಡಾಯಿತು. ಮಕ್ಕಳ ಕುಣಿತವಾಯಿತು. ಅಧಿಕಾರಿಯ ಭಾಷಣವನ್ನು ಜೆಲಗಾತ್ ಎರಡು ಭಾಷೆಗೂ ಅರ್ಧ ಉದ್ದ ಮಾಡಿ ಹೇಳಿದಳು, ಜನ ಅರ್ಧ ಕಿವಿ ಕೊಟ್ಟರು. ಆಮೇಲೆ ಮೆರಿಮಾ ಎದ್ದಳು. ಅವಳ ಕಾಲ ಬಳಿ ನೆಲದ ಮೇಲೆ ಚೆಪೊಸೈತ್ ಕೂತಿದ್ದಳು. ಮೆರಿಮಾ ಒಂದೊಂದೇ ವಾಕ್ಯ ಹೇಳಿ ನಿಲ್ಲಿಸುತ್ತಿದ್ದಳು, ಜೆಲಗಾತ್ ಅದನ್ನು ಬಲಕ್ಕೆ ತಿರುಗಿ ಒಮ್ಮೆ, ಎಡಕ್ಕೆ ತಿರುಗಿ ಒಮ್ಮೆ ಹೇಳುತ್ತಿದ್ದಳು. ನನ್ನ ಅಪ್ಪನನ್ನು ಕೊಂದರು. ನನಗೆ ಅವನ ಮುಖ ನೆನಪಿಲ್ಲ. ನಮ್ಮಮ್ಮ ಅವನ ಅಂಗಿಯನ್ನು ಒಗೆಯದೆ ಇಟ್ಟುಕೊಂಡಿದ್ದಳು. ಇನ್ನೊಬ್ಬಳ ಅಪ್ಪ ಜೆಲಗಾತಳ ಬಾಯಲ್ಲಿ ಎರಡೆರಡು ಸಲ ಸಾಯುತ್ತಿದ್ದ. ಹೆಂಗಸರು ನಾಲಿಗೆಯಿಂದ ಲೊಚಗುಟ್ಟುವುದು ಎರಡು ಕಡೆಯಿಂದಲೂ ಕೇಳಿಸಿತು. ಒಬ್ಬರ ಕಣ್ಣೂ ಜೆಲಗಾತಳ ಮೇಲೆ ಇರಲಿಲ್ಲ. ಸದ್ದು ಬರುವ ಕಡೆ ಬಿಟ್ಟು ಎಲ್ಲರೂ ಆ ಹುಡುಗಿಯ ಮುಖ ನೋಡುತ್ತಿದ್ದರು.

ಆಗ ಬಲಗಡೆಯಿಂದ ಚೆಪೊಸೈತಳ ಅಜ್ಜ ಲೋಕಿತಾರೆ ಎದ್ದು ನಿಂತ. ಆಚೆ ದಂಡೆಯಲ್ಲಿ ಅವನ ಮಾತು ಮುಗಿದ ಮೇಲೆ ಇನ್ನೊಬ್ಬರ ಮಾತಿಲ್ಲ. ಮಣೆಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡೇ ಎದ್ದಿದ್ದ, ಹೊರಟವನ ಹಾಗೆ.

"ಇದನ್ನೆಲ್ಲಾ ಕೇಳಿದ್ವಿ, ಪಾಪ," ಎಂದ. "ಆದ್ರೆ ಅತ್ತೋರೆಲ್ಲಾ ಒಳ್ಳೇವ್ರಾಗಿದ್ರೆ ಈ ಕಣಿವೇಲಿ ಕೆಟ್ಟೋರೇ ಇರ್ತಿರ್ಲಿಲ್ಲ. ನಮ್ಮ ಮಕ್ಕಳನ್ನ ಇಲ್ಲೇ ಬಿಡಿ, ಒಂದೇ ಪಾತ್ರೇಲಿ ತಿನ್ನಿ ಅಂತೀರಿ. ಕೇಳಮ್ಮ ಮ್ವಾಲಿಮು ಅವಳನ್ನ, ಅವಳ ಅಪ್ಪನ್ನ ಕೊಂದ ಜನದ ಜೊತೆ ಅವಳು ಕೂತು ಉಣ್ತಾಳಾ? ಉಣ್ತಾಳೆ ಅಂದ್ರೆ ನಾನೂ ನನ್ನ ಮೊಮ್ಮಗಳನ್ನ ಬಿಟ್ಟು ಹೋಗ್ತೀನಿ. ಇಲ್ಲ ಅಂದ್ರೆ ಟ್ರಂಕು ಹೊರಿಸ್ತೀನಿ. ನಂಗೆ ಬೇರೆ ಭಾಷಣ ಬೇಡ."

ಬಲಗಡೆ ತಲೆಗಳು ಆಡಿದವು. ಜೆಲಗಾತ್ ಮೆರಿಮಾಳ ಕಿವಿಯ ಹತ್ತಿರ ಬಾಗಿ ಪ್ರಶ್ನೆಯನ್ನು ಇಂಗ್ಲಿಷಿನಲ್ಲಿ ಹೇಳಿದಳು. ಮೆರಿಮಾಳ ಕತ್ತು ಕೆಂಪಾಯಿತು. ಅವಳು ತುಟಿ ಅಲ್ಲಾಡದಷ್ಟು ಮೆಲ್ಲಗೆ ಹೇಳಿದಳು: "ಇಲ್ಲ. ನಮ್ಮ ಬೀದೀಲಿ ಒಬ್ಬ ರೊಟ್ಟಿ ಅಂಗಡಿಯವನಿದಾನೆ. ಅವತ್ತು ಅಪ್ಪನ್ನ ಕರೆಯೋಕೆ ಬಂದೋರಲ್ಲಿ ಅವನೂ ಇದ್ದ ಅಂತಾಳೆ ಅಮ್ಮ. ಅವನಂಗಡಿ ರೊಟ್ಟಿ ನಾನು ಇವತ್ತಿನವರೆಗೂ ಮುಟ್ಟಿಲ್ಲ. ಅವನ ಮಗಳು ನನ್ನ ಕ್ಲಾಸಿನಲ್ಲೇ ಓದಿದ್ಲು. ಒಂದು ದಿನವೂ ಮಾತಾಡಿಸ್ಲಿಲ್ಲ. ಸುಳ್ಳು ಹೇಳಲಾರೆ, ಜೆಲಗಾತ್. ಅಲ್ಲಿ ಆಗ್ಲಿಲ್ಲ ಅಂತಲೇ ಇಲ್ಲಿಗೆ ಬಂದೆ."

ಜೆಲಗಾತಳಿಗೆ ಮೊದಲು ಆದದ್ದು ಸಂತೋಷ. ಬೇರೆ ಹೆಸರಿಲ್ಲ ಅದಕ್ಕೆ. ಬಾಯಾರಿದವಳಿಗೆ ತಣ್ಣೀರು ಕುಡಿಸಿದ ಹಾಗೆ ಅದು ಒಳಗಿಳಿಯಿತು. ಎಲ್ಲರ ಕೈ ಹಿಡಿಯುವ ಈ ಹುಡುಗಿ ತನ್ನ ಬೀದಿಯ ಒಂದು ರೊಟ್ಟಿಯ ಮುಂದೆ ಸೋತಿದ್ದಳು. ಇದನ್ನು ಇದ್ದ ಹಾಗೇ ಹೇಳಿದರಾಯಿತು. ದುಭಾಷಿಯ ಕೆಲಸ ಅಷ್ಟೇ ತಾನೇ? ಒಂದೇ ಒಂದು ಪದ ಹೇಳಿದರೆ ಈ ಮುಖಗಳೆಲ್ಲ ಅವಳಿಂದ ಬೇರೆ ಕಡೆ ತಿರುಗುತ್ತವೆ, ಚೆಪೊಸೈತಳದೂ. ಆ ಪದ ನಾಲಿಗೆಯ ತುದಿಗೆ ಬಂದು ನಿಂತಿತ್ತು. ಅದರ ಹಿಂದೆಯೇ ಟ್ರಂಕುಗಳು ಕಂಡವು, ನದಿಯಲ್ಲಿ ಒಂದರ ಹಿಂದೊಂದು ತಲೆಯ ಮೇಲೆ ಹೋಗುವ ತಗಡಿನ ಟ್ರಂಕುಗಳು, ಮಧ್ಯಾಹ್ನ ಅರ್ಧ ಸಾಲು, ಮುಗಿಯದೆ ಉಳಿಯುವ ಪಾತ್ರೆ. ಆಚೆಯ ಹುಡುಗರಿಗೆ ಮೀಸೆ ಮೂಡುವಷ್ಟರಲ್ಲಿ ಕೈಗೆ ಬಂದೂಕು ಸಿಗುತ್ತದೆ, ಈಚೆಯವರಿಗೂ. ಅವಳು ಬಾಯಿ ತೆರೆದಳು. ಬಂದದ್ದು ಬೇರೆ ಮಾತು.

"ಉಣ್ತೀನಿ, ಅಜ್ಜ," ಎಂದಳು ಪೊಕೊಟ್ ಭಾಷೆಯಲ್ಲಿ. ದನಿ ತನ್ನದೇ ಅನ್ನಿಸಲಿಲ್ಲ. "ಕೊಂದೋರು ಯಾರು ಅಂತ ನಂಗೆ ಗೊತ್ತಿಲ್ಲ. ಗೊತ್ತಿದ್ದಿದ್ರೆ ಒಂದು ಮನೆ ಮೇಲೆ ದ್ವೇಷ ಇಟ್ಕೊಂಡು ಮಿಕ್ಕ ಮನೆಗಳ ಜೊತೆ ಚೆನ್ನಾಗಿರಬಹುದಿತ್ತು. ಗೊತ್ತಿಲ್ಲದೇ ಇರೋದಕ್ಕೆ ಎಲ್ಲಾ ಮುಖದಲ್ಲೂ ಹುಡುಕ್ತೀನಿ. ಮಧ್ಯಾಹ್ನ ಮಕ್ಕಳು ತಟ್ಟೆ ಹಿಡ್ಕೊಂಡು ಬರ್ತಾವೆ. ಈ ಹಣೆ ಅವನದಾ, ಈ ಕಿವಿ ಅವನದಾ ಅಂತ ನೋಡ್ತಾ ಬಡಿಸ್ತೀನಿ. ಕೆಲವು ದಿನ ಕೈ ಮೇಲೇಳಲ್ಲ. ಆದ್ರೆ ಹಸಿದಿರೋ ಮಗು ಮುಂದೆ ನಿಂತ್ಕೊಂಡು ಸುಮ್ನೆ ಎಷ್ಟು ಹೊತ್ತು ಇರೋಕಾಗುತ್ತೆ? ಬಡಿಸ್ತೀನಿ. ಕೊನೇಲಿ ಉಳಿದದ್ದನ್ನ ನಾನೂ ಅದೇ ಪಾತ್ರೆಯಿಂದ ತಿಂತೀನಿ. ಮನಸ್ಸು ಶುದ್ಧವಾಗಿದೆ ಅಂತ ಅಲ್ಲ ಅಜ್ಜ. ಇನ್ನೂ ಆಗಿಲ್ಲ. ಆಗೋವರೆಗೂ ಕಾದ್ರೆ ಊಟ ಆರಿ ಹೋಗುತ್ತೆ."

ಎಡಗಡೆಯವರಿಗೆ ಅವಳು ತಿರುಗಿ ಹೇಳಬೇಕಾಗಲಿಲ್ಲ. ಎರಡೂ ಅಕ್ಕತಂಗಿಯರಂಥ ಭಾಷೆಗಳು, ಬೇಕೆಂದಾಗ ತಿಳಿಯುತ್ತವೆ. ಎಡಗಡೆ ಕೂತಿದ್ದವರಿಗೆ ಈ ಮಾತು ಯಾರ ಮನೆಯದೆಂದು ಗೊತ್ತಿತ್ತು. ಅವಳ ಅತ್ತೆಯ ಓರಗೆಯ ಮುದುಕಿಯೊಬ್ಬಳು ಸೆರಗನ್ನು ಮುಖದ ಮೇಲೆಳೆದುಕೊಂಡಳು. ಕಿಸಾಂಗ್ ಮೇಷ್ಟ್ರು ತಮ್ಮ ಬೂಟುಗಳನ್ನು ನೋಡುತ್ತಿದ್ದರು.

ಲೋಕಿತಾರೆ ಮಾತ್ರ ಕಣ್ಣು ಕಿರಿದು ಮಾಡಿ ಇವಳನ್ನು ನೋಡಿದ. "ಆ ಹುಡುಗಿ ಗುಬ್ಬಿ ಹಾಗೆ ನಾಲ್ಕು ಸಲ ಚಿಂವ್ ಅಂದ್ಲು. ನೀನು ಹೊಳೆ ಹಾಗೆ ಹರಿಸಿದೆ. ಅವಳ ಭಾಷೆ ಅಷ್ಟೊಂದು ಚಿಕ್ಕದಾ?"

ಬಲಗಡೆ ನಗು ಹರಡಿತು. "ಅವರ ಭಾಷೆ ಹಾಗೇ ಅಜ್ಜ," ಎಂದಳು ಜೆಲಗಾತ್, "ಗಂಟು ಕಟ್ಟಿಟ್ಟಿರ್ತಾರೆ. ಬಿಚ್ಚಿ ಹೇಳ್ಬೇಕು."

ಮುದುಕ ಇನ್ನಷ್ಟು ಹೊತ್ತು ಅವಳನ್ನೇ ನೋಡಿದ. ಏನು ಕಂಡನೋ. ಮಣೆಯನ್ನು ನೆಲಕ್ಕಿಟ್ಟ. ಆಮೇಲೆ ನಡುವೆ ಬಿಟ್ಟಿದ್ದ ಜಾಗವನ್ನು ದಾಟಿಕೊಂಡು ಬಂದ. ಅವನು ತನ್ನ ಕಡೆ ಬರುತ್ತಿದ್ದಾನೆ ಎಂದು ಜೆಲಗಾತಳಿಗೆ ಒಂದು ಕ್ಷಣ ಅನ್ನಿಸಿತು, ಅವಳ ಎರಡೂ ಕೈ ತಾವಾಗಿಯೇ ಸೊಂಟದ ಮಟ್ಟಕ್ಕೆ ಎದ್ದಿದ್ದವು. ಅವನು ಮೆರಿಮಾಳ ಮುಂದೆ ನಿಂತ. ಅವಳ ಎರಡು ಅಂಗೈಗಳನ್ನು ಬಿಡಿಸಿ, ತನ್ನ ಬಾಯಿ ತೇವ ಮಾಡಿಕೊಂಡು, ಹಿರಿಯರು ಮಕ್ಕಳನ್ನು ಹರಸುವ ಹಾಗೆ ಅದರೊಳಕ್ಕೆ ಮೆಲ್ಲಗೆ ಉಗುಳಿದ. "ನಿನ್ನ ಕೈ ತಣ್ಣಗಿರ್ಲಿ, ಮಗಳೇ. ನೀನು ಬಡಿಸಿದ್ದು ನಮ್ಮ ಮಕ್ಕಳ ಮೈಗೆ ಹತ್ಲಿ," ಎಂದ. ಹೆಂಗಸರು ನಾಲಿಗೆ ಆಡಿಸಿ ಉಲಿದರು. ಎಡಗಡೆಯಿಂದಲೂ ಒಬ್ಬಿಬ್ಬರು ಎದ್ದು ಬಂದರು, ನಡುವಿನ ಜಾಗ ಮುಚ್ಚಿಹೋಯಿತು, ಯಾರೋ ಹಾಡು ಎತ್ತಿದರು. ಜೆಲಗಾತ್ ಎತ್ತಿದ ಕೈಗಳನ್ನು ಏನು ಮಾಡುವುದೆಂದು ತಿಳಿಯದೆ ಲಂಗಕ್ಕೆ ಒರೆಸಿಕೊಂಡಳು. ಶಾಲೆ ಉಳಿದಿತ್ತು. ಅದು ತನಗೆ ಗೊತ್ತು. ಗೊತ್ತಿದ್ದೂ ಎದೆಯಲ್ಲಿ ಉರಿಯುತ್ತಿದ್ದುದು ಆ ಎರಡು ಒದ್ದೆ ಅಂಗೈಗಳು. ತನ್ನ ಗಂಡನನ್ನೇ, ತನ್ನ ಮಧ್ಯಾಹ್ನಗಳನ್ನೇ ತೆಗೆದು ಅವಳ ಮಡಿಲಿಗೆ ಹಾಕಿಬಿಟ್ಟಿದ್ದಳು. ಉಳಿದಿದ್ದದ್ದು ಅದೊಂದೇ. ಅದನ್ನೂ ಕೊಟ್ಟಾಯಿತು.

ಗದ್ದಲದ ನಡುವೆ ಮೆರಿಮಾ ಅವಳ ತೋಳು ಹಿಡಿದಳು. "ಏನು ಹೇಳಿದ್ರಿ ನೀವು ಅವರಿಗೆ?"

"ನೀನು ಹೇಳಿದ್ದನ್ನೇ."

"ನಾನು ಇಲ್ಲ ಅಂದೆ."

"ಬಿಸಿಲಲ್ಲಿ ಸರಿಯಾಗಿ ಕೇಳಿಸ್ಲಿಲ್ವೇನೋ," ಎಂದು ಹೇಳಿ ಜೆಲಗಾತ್ ಅಡಿಗೆಮನೆಯ ಕಡೆ ನಡೆದಳು. ಹಿಂದಿರುಗಿ ನೋಡಿದಾಗ ಮೆರಿಮಾ ಅಂಗೈಗಳನ್ನು ಮೈಯಿಂದ ದೂರ ಹಿಡಿದುಕೊಂಡು, ಏನೋ ಚೆಲ್ಲಿಹೋಗುತ್ತದೆ ಎಂಬಂತೆ, ತನ್ನ ಕೋಣೆಯ ಕಡೆ ಹೋಗುತ್ತಿದ್ದಳು.

ಅವತ್ತು ಪಾತ್ರೆಯಲ್ಲಿ ಆಡಿನ ಮಾಂಸವೂ ಇತ್ತು. ಸಾಲು ಉದ್ದವಿತ್ತು, ತಂದೆತಾಯಿಗಳೂ ಸೇರಿಕೊಂಡಿದ್ದರು. ಮಕ್ಕಳು ಒಬ್ಬೊಬ್ಬರಾಗಿ ತಟ್ಟೆ ಚಾಚಿದರು. ಯಾಕೋ ಯಾರೂ ತಲೆ ಎತ್ತಿ ಅವಳ ಮುಖ ನೋಡಲಿಲ್ಲ. ದೊಡ್ಡವರಿಗೆ ಗೊತ್ತಿಲ್ಲದಿದ್ದರೂ ಮಕ್ಕಳಿಗೆ ಗೊತ್ತು, ಈ ಶಾಲೆಯಲ್ಲಿ ಸೌಟು ಯಾರ ಕೈಯಲ್ಲಿರುತ್ತದೆ ಎಂದು. ಚೆಪೊಸೈತ್ ತನ್ನ ಸರದಿ ಬಂದಾಗ ತಟ್ಟೆಯನ್ನು ಚಾಚಲಿಲ್ಲ, ಎದೆಗೆ ಒತ್ತಿಕೊಂಡು ನಿಂತಳು. ಅವಳಿಗೆ ಇಂಗ್ಲಿಷೂ ಬರುತ್ತಿತ್ತು, ಅವಳದೇ ಭಾಷೆಯೂ ಬರುತ್ತಿತ್ತು. ಇಬ್ಬರ ಕಾಲ ಬಳಿಯೇ ಕೂತಿದ್ದಳು.

"ಮ್ವಾಲಿಮು, ನನ್ನ ಮುಖದಲ್ಲೂ ಹುಡುಕಿದ್ರಾ?"

ಹಿಂದೆ ನಿಂತವರು ನೂಕುತ್ತಿದ್ದರು. ಜೆಲಗಾತಳಿಗೆ ಮಳೆಗಾಲದ ಆ ರಾತ್ರಿಗಳು ನೆನಪಾದವು, ದೀಪ ಆರಿಸುವ ಮೊದಲು ಮಲಗಿದ್ದ ಹುಡುಗಿಯ ಹುಬ್ಬು, ಗದ್ದ, ಮೂಗಿನ ಹೊರಳೆಗಳನ್ನು ನೋಡುತ್ತಾ ಕೂತಿದ್ದು. ಈ ಮಗುವಿನ ಅಪ್ಪನೂ ಆಡು ಕದಿಯಲು ಹೋಗುತ್ತಿದ್ದವನೇ, ಈಗ ಇಲ್ಲ.

"ಹೂಂ," ಎಂದಳು.

"ಸಿಕ್ಕಿದ್ನಾ?"

"ಒಂದೊಂದು ದಿನ ಸಿಕ್ಕಿದ ಹಾಗೆ ಆಗ್ತಿತ್ತು. ಆಮೇಲೆ ನೀನು ನಿದ್ದೇಲಿ ನನ್ನ ಮೇಲೆ ಕೈ ಹಾಕ್ತಿದ್ದೆ. ಮುಖ ಸರಿಯಾಗಿ ಕಾಣ್ತಿರ್ಲಿಲ್ಲ."

ಹುಡುಗಿ ಅದನ್ನು ಸ್ವಲ್ಪ ಹೊತ್ತು ಮನಸ್ಸಿನಲ್ಲಿ ತಿರುಗಿಸಿ ನೋಡಿದಳು. ತಟ್ಟೆ ಚಾಚಿದಳು. ಜೆಲಗಾತ್ ಸೌಟನ್ನು ತಳದವರೆಗೂ ಇಳಿಸಿ ಬಡಿಸಿದಳು. ಚೆಪೊಸೈತ್ ಹೋಗಲಿಲ್ಲ. "ಇನ್ನೊಂದು ತಟ್ಟೆ ಕೊಡಿ. ಮೆರಿಮಾ ಒಳಗೆ ಅಳ್ತಿದಾಳೆ. ನಾನು ತಗೊಂಡು ಹೋಗಿ ಕೊಡ್ತೀನಿ."

ಇಷ್ಟಾದ ಮೇಲೂ. ಇದೇ ಬಾಯಿಂದ ಆ ಪ್ರಶ್ನೆ ಬಂದು ಒಂದು ನಿಮಿಷವಾಗಿಲ್ಲ, ಈಗ ಮತ್ತೆ ಆ ಕೋಣೆ, ಆ ಹುಡುಗಿಯ ಕಣ್ಣೀರು. "ನೀನು ಬೇಡ," ಎಂದಳು, ಅಂದುಕೊಂಡದ್ದಕ್ಕಿಂತ ಜೋರಾಗಿ. "ಕೂತು ಉಣ್ಣು. ನಾನೇ ಕೊಡ್ತೀನಿ." ಸೌಟನ್ನು ಅಡಿಗೆಯವಳ ಕೈಗೆ ಕೊಟ್ಟು, "ತಳದಿಂದ ತೆಗಿ, ಎಲ್ಲರಿಗೂ," ಎಂದು ಹೇಳಿ ತಟ್ಟೆ ಹಿಡಿದು ಹೊರಟಳು. ದಾರಿಯುದ್ದಕ್ಕೂ, ಮಗು ಅಲ್ಲಿಗೆ ಹೋಗದಿರಲಿ ಎಂದೇ ತಾನು ಹೋಗುತ್ತಿದ್ದೇನೆ ಅನ್ನುವುದು ಅವಳಿಗೆ ಸ್ಪಷ್ಟವಾಗಿ ಗೊತ್ತಿತ್ತು.

ಮೆರಿಮಾ ಮಂಚದ ಅಂಚಿಗೆ ಕೂತಿದ್ದಳು. ಕೈ ತೊಳೆದಿರಲಿಲ್ಲ. ಅತ್ತು ಮುಖ ಊದಿತ್ತು, ಜಡೆ ಪೂರ್ತಿ ಬಿಚ್ಚಿ ಹೋಗಿತ್ತು. ಅವಳು ಈಗ ಯಾವ ಊರಿನ ಹುಡುಗಿಯಾದರೂ ಆಗಬಹುದಿತ್ತು.

"ಚೆಪೊಸೈತ್ ಬಂದು ಹೇಳಿದ್ಲು, ನೀವು ಏನು ಹೇಳಿದ್ರಿ ಅಂತ," ಎಂದಳು. "ಪೂರ್ತಿ ಹೇಳಿದ್ಲು. ಅದು ನಿಮ್ಮದು, ಅಲ್ವಾ? ಹಿಂದೆ ಯಾರೂ ನನಗೆ ಹೇಳಿರ್ಲಿಲ್ಲ."

"ಯಾರಿಗೂ ಹೇಳಿಲ್ಲ."

"ಆ ಅಜ್ಜ ತಪ್ಪು ಕೈಗೆ ಉಗುಳಿದ್ರು." ಅವಳು ನಗಲು ಹೋದಳು, ಆಗಲಿಲ್ಲ. "ನಾನು ಹೋಗಿ ಅವರಿಗೆ ಹೇಳ್ಲಾ?"

"ಹೇಳಿದ್ರೆ ಟ್ರಂಕು ಹೊರ್ತಾರೆ. ಅದು ನಿನ್ನದಾಗೇ ಇರ್ಲಿ." ಇಷ್ಟು ಉದಾರವಾದ ಮಾತನ್ನು ಇಷ್ಟು ಹೊಟ್ಟೆಯುರಿಯಿಂದ ಯಾರಾದರೂ ಆಡಿರಬಹುದೇ ಎಂದು ಜೆಲಗಾತ್ ಯೋಚಿಸಿದಳು. ತಟ್ಟೆಯನ್ನು ಮಂಚದ ಮೇಲಿಟ್ಟಳು. ಹೊರಡಬೇಕು. ಕಾಲು ಹೊರಡಲಿಲ್ಲ.

"ಅವರ ಹೆಸರೇನು?" ಎಂದಳು ಮೆರಿಮಾ.

ಸತ್ತವರ ಹೆಸರು ಎತ್ತಬಾರದು. ಇದು ತನ್ನದೇ ಕಟ್ಟಳೆ. ಹೇಳಿದರೆ ಅದೂ ಇವಳದಾಗುತ್ತದೆ, ನಾಳೆ ಅತ್ತಿಮರದ ಕೆಳಗೆ ದುಂಡಗೆ ಕೂತ ಮಕ್ಕಳ ಮುಂದೆ ಸಲೀಸಾಗಿ ಬರುತ್ತದೆ. ಹೊರಗೆ ಯಾರೋ ಹೆಂಗಸು ತನ್ನ ಮಗನನ್ನು ಬೈಯುತ್ತಿದ್ದಳು, ಮಾಂಸದ ತುಂಡಿಗಾಗಿ ಹುಡುಗರು ಜಗಳವಾಡುತ್ತಿದ್ದರು. ಯಾವ ದಂಡೆಯ ಹುಡುಗರೋ, ದನಿಯಿಂದ ಗೊತ್ತಾಗುತ್ತಿರಲಿಲ್ಲ.

"ಕಿಪ್‌ಙೆನೊ," ಎಂದಳು. "ದನಗಳು ಉಪ್ಪುಮಣ್ಣು ನೆಕ್ಕೋಕೆ ಹೋಗಿದ್ದಾಗ ಹುಟ್ಟಿದ್ದಂತೆ."

"ಕಿಪ್‌ಗೆನೊ."

"ಅಲ್ಲ."

"ಕಿಪ್‌ನೆನೊ."

ಇವಳ ಬಾಯಿಗೆ ಬಾರದು ಎಂದು ಜೆಲಗಾತಳಿಗೆ ಒಳಗೊಳಗೇ ಹಿಗ್ಗಾಯಿತು. ಸುಮ್ಮನಿದ್ದುಬಿಡಬಹುದಿತ್ತು. ಹೆಸರು ತಪ್ಪಾಗಿಯೇ ಉಳಿದು ತನ್ನದೊಂದೇ ಆಗಿರುತ್ತಿತ್ತು. ಮೆರಿಮಾ ಮತ್ತೆ ಬಾಯಿ ತೆರೆದು ನಾಲಿಗೆಯನ್ನು ಎಲ್ಲಿಡಬೇಕೆಂದು ತಡಕಾಡುತ್ತಿದ್ದಳು, ಹೊಸದಾಗಿ ಮಾತು ಕಲಿಯುವ ಕೂಸಿನ ಹಾಗೆ.

ಜೆಲಗಾತ್ ಮಂಚದ ಮೇಲೆ, ತಟ್ಟೆಯ ಈಚೆ ಬದಿಗೆ ಕೂತಳು.

"ಮೂಗಿನಿಂದ ಬರ್ಬೇಕು," ಎಂದಳು. "ನೋಡು. ಹಸು ಕರುವನ್ನ ಕರೆಯೋಕೆ ಮೊದಲು ಗಂಟಲಲ್ಲೇ ಒಂದು ಸದ್ದು ಮಾಡುತ್ತಲ್ಲ, ಹಾಗೆ. ಇನ್ನೊಂದು ಸಲ ಹೇಳು."

ಇನ್ನೊಂದು ಸಲ ಹೇಳಿದಳು. ಸರಿಯಾಗಿ ಬಂತು. ಗಂಡ ಸತ್ತ ಮೇಲೆ ಆ ಹೆಸರನ್ನು ಜೆಲಗಾತ್ ಇನ್ನೊಬ್ಬರ ಬಾಯಲ್ಲಿ ಕೇಳಿದ್ದು ಅದೇ ಮೊದಲು. ಅವಳು ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡಳು. ಮೆರಿಮಾ ಮುಟ್ಟಲು ಬರಲಿಲ್ಲ. ಕೈ ಹಿಡಿಯಲಿಲ್ಲ. ಅದೊಂದಕ್ಕೆ ಜೆಲಗಾತಳಿಗೆ ಅವಳ ಮೇಲೆ ಪ್ರೀತಿ ಬಂತು, ಅಥವಾ ಪ್ರೀತಿಯ ಹತ್ತಿರದ್ದು ಯಾವುದೋ.

"ಆರಿ ಹೋಗುತ್ತೆ," ಎಂದಳು ಜೆಲಗಾತ್, ಮುಖ ಒರೆಸಿಕೊಂಡು. "ಉಣ್ಣು."

"ನೀವು?"

ಜೆಲಗಾತ್ ತಟ್ಟೆಯ ಕಡೆ ನೋಡಿದಳು. ಬೆಳಗಿನಿಂದ ಏನೂ ತಿಂದಿರಲಿಲ್ಲ. ಕೈ ಮುಂದೆ ಹೋಗಲು ಇನ್ನೂ ಒಪ್ಪಿರಲಿಲ್ಲ. ಆದರೂ ಬೆರಳುಗಳು ಮಡಿಲಿಂದ ಎದ್ದು, ತಟ್ಟೆಯ ಅಂಚಿಗೆ ಬಂದು, ಅಲ್ಲೇ ನಿಂತವು.